ದಿಂಡೋರಿ ಟಾನಿಕ್ಕು

ಹೊರಸಿನ ಹಗ್ಗದ ಒಂದು ತುದಿ ಹಣಮಂತರಾಯನ ಹಲ್ಲಿನ ನಡುವೆ ಇತ್ತು. ಇನ್ನೊಂದು ತುದಿ ಎಲ್ಲಿದೆಯೆಂಬುದು ಅವನಿಗೂ ತಿಳಿಯದು. ಬಲಗಾಲನ್ನು ಹೊರಸಿನ ಚೌಕಟ್ಟಿಗೆ ಒತ್ತಿಕೊಟ್ಟು, ಮೈಯನ್ನು ಹಿಂದಕ್ಕೆ ಚೆಲ್ಲಿ, ಜೋತುಬಿದ್ದ ಹೆಣಿಕೆಯನ್ನು ಬಿಗಿಯುತ್ತಿದ್ದ. ತಲೆಯ ಕಡೆ ಬಿಗಿದರೆ ಕಾಲಿನ ಕಡೆ ಸಡಿಲು; ಕಾಲಿನ ಕಡೆ ಬಿಗಿದರೆ ತಲೆಯ ಕಡೆ ತೊಟ್ಟಿಲು.

"ಕಾಕಾ, ನೀವು ಹೊರಸು ಬಿಗಿಲಿಕತ್ತೀರೋ, ಹೊರಸೇ ನಿಮಗ ಬಿಗಿಲಿಕತ್ತದೋ?"

ಅಂಗಳದ ಬಾಗಿಲಲ್ಲಿ ಪಕ್ಕದ ಮನೆಯ ತಾಹಿರ್ ನಿಂತಿದ್ದ. ಶಹಾಬಾದದ ಫರಸಿ ಕಲ್ಲನ್ನು ನಾಸಿಕಕ್ಕೆ ಒಯ್ದು, ಬರುವಾಗ ಉಳ್ಳಾಗಡ್ಡಿ ತುಂಬಿಕೊಂಡು ಬರುವ ಲಾರಿ ಅವನದು. ಕಂಕುಳಲ್ಲಿ ಕಂಬಳಿಯ ಗಂಟೊಂದಿತ್ತು.

"ಭಾಗ್ಯಾ ಕೊಟ್ಟಾಳ. ಶೀಶಾ ಅದ, ಸಂಭಾಳಿಸಿ ಒಯ್ಯಿ ಅಂದ್ಳು. ಕೂಸಿನಂಗ ತಂದೀನಿ ನೋಡ್ರಿ. ರಸ್ತೆದಾಗ ಒಂದು ತೆಗ್ಗಿಗೂ ತೋರಿಸಿಲ್ಲ."

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಸೇಡಂ ಊರಾಚೆ, ಮಳಖೇಡ ರಸ್ತೆಯಲ್ಲಿ ಲಾರಿ ತೂಗುವ ಕಾಟಾ ಒಂದಿದೆ. ಹಣಮಂತರಾಯ ಜೀವಮಾನವೆಲ್ಲ ಅಲ್ಲೇ ಕುಳಿತು ತೂಕ ಬರೆದು, ಹೋದ ವರ್ಷ ನಿವೃತ್ತನಾಗಿ ಮನೆಗೆ ಬಂದವನು. ಊರ ಮಂದಿಯ ಭಾರವನ್ನೆಲ್ಲ ಟನ್ನಿನ ಲೆಕ್ಕದಲ್ಲಿ ಖಚಿತವಾಗಿ ಹೇಳಿದ ಈ ಮನುಷ್ಯ, ತನ್ನದೊಂದು ಮಾತನ್ನು ಹೌದು ಅಥವಾ ಅಲ್ಲ ಎಂದು ಹೇಳಿದ್ದನ್ನು ಕೇಳಿದವರಿಲ್ಲ. ಏನು ಕೇಳಿದರೂ ಒಂದೇ ಉತ್ತರ: "ನೋಡಮು." ಹೆಣ್ಣು ನೋಡಿ ಬಂದಾಗ ಹಿರಿಯರು, "ಹುಡುಗಿ ಹ್ಯಾಂಗದಾಳ?" ಎಂದು ಕೇಳಿದರೆ "ನೋಡಮು" ಎಂದಿದ್ದ. ನೋಡಿಯೇ ಬಂದಿದ್ದ. ಆ "ನೋಡಮು" ಕಿವಿಗೆ ಬಿದ್ದ ಮೇಲೂ ಅವನನ್ನೇ ಕಟ್ಟಿಕೊಂಡದ್ದು ಭುವನೇಶ್ವರಿಯ ಧೈರ್ಯ.

ಇಂಥವನು ಒಂದೇ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಮಾತಾಡಿದ್ದ, ಅದು ಸುಳ್ಳು. ಮಗಳು ಭಾಗ್ಯ ಕೃಷಿ ಓದಿ, ನಾಸಿಕದ ಹತ್ತಿರ ದಿಂಡೋರಿಯಲ್ಲಿ ಕೆಲಸ ಹಿಡಿದಿದ್ದಳು. ಅದು ವೈನು ಮಾಡುವ ದ್ರಾಕ್ಷಿಯ ತೋಟ. ಓಣಿಯವರು ಕೇಳಿದಾಗ ಹಣಮಂತರಾಯ, "ಔಷಧ ಕಂಪನಿದಾಗ ಆಫೀಸರ್ ಅದಾಳ" ಎಂದುಬಿಟ್ಟ. ಒಮ್ಮೆ ಆಡಿದ ಸುಳ್ಳು ಸಾಕಿದ ಕರುವಿನಂತೆ. ದಿನಾ ಮೇವು ಹಾಕಬೇಕು. ಎರಡು ವರ್ಷದಲ್ಲಿ ಆ ಕಂಪನಿಗೆ ದೊಡ್ಡ ಕಟ್ಟಡ ಎದ್ದಿತ್ತು, ಭಾಗ್ಯಳ ಕೈಕೆಳಗೆ ಹತ್ತು ಮಂದಿ ಡಾಕ್ಟರರು ಸೇರಿದ್ದರು.

"ಏನದು, ತಗಿ ನೋಡಮು," ಎನ್ನುತ್ತ ಎದುರು ಮನೆಯ ಮರೆಮ್ಮ ಬಂದಳು. ಓಣಿಗೆಲ್ಲ ಹಿರಿಯಳು, ಮೊಣಕಾಲು ನೋವಿನಿಂದ ಕೋಲು ಹಿಡಿದಿದ್ದರೂ ಸುದ್ದಿ ಇರುವಲ್ಲಿಗೆ ಸುದ್ದಿಗಿಂತ ಮೊದಲು ಮುಟ್ಟುವವಳು. ಹಣಮಂತರಾಯ ಬಾಯಿಂದ ಹಗ್ಗ ಬಿಡಿಸಿಕೊಳ್ಳುವುದರೊಳಗೆ ಆಕೆ ಗಂಟು ಬಿಚ್ಚಿಯಾಗಿತ್ತು.

ಕಪ್ಪು ಬಾಟಲಿ ಹೊರಗೆ ಬಂತು. ಮೇಲೆ ದಪ್ಪ ಕಾಗದದ ಚೀಟಿ, ಅದರಲ್ಲಿ ಗುಡ್ಡ, ಗುಡ್ಡದ ಇಳಿಜಾರಿನಲ್ಲಿ ಸಾಲು ಸಾಲು ಬಳ್ಳಿ, ಚಿನ್ನದ ಬಣ್ಣದ ಇಂಗ್ಲಿಷ್ ಅಕ್ಷರ. ಬಿಸಿಲಿಗೆ ಹಿಡಿದರೆ ಒಳಗೆ ಕಡುಗೆಂಪು.

"ಏನೋ ತಮ್ಮಾ ಇದು?"

ನಳದ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರೂ ಕೊಡ ಬಿಟ್ಟು ತಿರುಗಿದರು. ಒಳಗೇನಿದೆಯೆಂದು ತಿಳಿಯದೆ ತಂದಿದ್ದ ತಾಹಿರ್ ಕೂಡ ನೋಡುತ್ತಿದ್ದ.

"ಇದು ಟಾನಿಕ್ಕು," ಎಂದ ಹಣಮಂತರಾಯ. "ಭಾಗ್ಯಾನ ಕಂಪನಿದು. ರಕ್ತಕ್ಕ."

ಬಣ್ಣವೇ ರಕ್ತದಂತಿದ್ದ ಮೇಲೆ ಯಾರೂ ಎರಡನೆಯ ಮಾತು ಕೇಳಲಿಲ್ಲ.

ಮಂದಿ ಹೋದ ಮೇಲೆ ಕಂಬಳಿಯ ಮಡಿಕೆಯಲ್ಲಿದ್ದ ಕಾಗದವನ್ನು ಭುವನೇಶ್ವರಿ ಓದಿದಳು. "ಅಪ್ಪಾ, ಇದು ನಮ್ಮ ತೋಟದ ಎಲ್ಲಕ್ಕಿಂತ ಮೇಲಿನ ದರ್ಜೆಯ ವೈನು. ನಾನು ಬಂದ ವರ್ಷ ನನ್ನ ಕೈಗೆ ಕೊಟ್ಟ ಸಾಲಿನ ಹಣ್ಣು ಇದರಾಗ ಅದ. ಇಲ್ಲಿ ಗುಡ್ಡದ ಮ್ಯಾಲೆ ಹಗಲು ನಮ್ಮ ಸೇಡಂ ಬಿಸಿಲು, ರಾತ್ರಿ ಕಂಬಳಿ ಹೊದಿಯೋ ಥಂಡಿ. ಅದಕ್ಕ ಹಣ್ಣು ಕಾಯ್ದು ಕಾಯ್ದು ಮಾಗ್ತದ. ಆಮ್ಯಾಲೆ ರಸಾನ ಕಟ್ಟಿಗೆ ಪೀಪಾಯಿದಾಗ ವರ್ಷದ ಮ್ಯಾಲೆ ಇಡ್ತಾರ. ಈಗ ನನಗ ಪೂರಾ ಗುಡ್ಡದ ತೋಟಾನೇ ನೋಡ್ಕೋ, ಕಾಯಂ ಮಾಡ್ತೀವಿ ಅಂತಾರ. ಮಹಾನವಮಿ ಆದ ಕೂಡ್ಲೆ ಬಳ್ಳಿ ಕತ್ತರಿಸೋದು ಶುರು ಆಗ್ತದ, ಅಷ್ಟ್ರಾಗ ನಾ ಜವಾಬು ಕೊಡಬೇಕು. ನೀವು ಬ್ಯಾಡಂದ್ರ ಗಂಟು ಕಟ್ಕೊಂಡು ಬರ್ತೀನಿ. ಫೋನಿನಾಗ ಹೇಳಬ್ಯಾಡ್ರಿ, ಫೋನಿನಾಗ ನೀವು ನೋಡಮು ಅಂತೀರಿ. ಕಾಗದ ಬರೀರಿ. ನೋಡಮು ಅಂತ ಬರಿಯೋ ಸಲುವಾಗಿ ಯಾರೂ ಕಾಗದ ಹಾಳು ಮಾಡಂಗಿಲ್ಲ."

"ಏನಂತ ಬರೀತೀರಿ?" ಎಂದಳು ಭುವನೇಶ್ವರಿ.

"ನೋಡಮು."

"ಹುಡುಗಿ ಖರೇನೇ ಬರದಾಳ," ಎಂದು ಆಕೆ ಬಾಟಲಿಯನ್ನು ಹಪ್ಪಳದ ಡಬ್ಬಿಯ ಹಿಂದೆ ಇಟ್ಟಳು. "ಮಗಳು ಬೆಳೆದ ಹಣ್ಣು, ಚೆಲ್ಲಲಿಕ್ಕೆ ಬರಂಗಿಲ್ಲ. ನಮ್ಮ ಮನಿದಾಗ ಕುಡಿಲಿಕ್ಕೂ ಬರಂಗಿಲ್ಲ. ಟಾನಿಕ್ಕು ಅಂದವರು ನೀವು, ನೀವೇ ಸಂಭಾಳಿಸ್ರಿ."

ಗಣಪತಿಯನ್ನು ಕಳಿಸಿದ ಮರುದಿನದ ಮಾತು ಇದು.

ಮಾರನೆಯ ಬೆಳಿಗ್ಗೆ ಮರೆಮ್ಮ ಒಂದು ಬಟ್ಟಲು ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚುವ ಚಟ್ನಿಪುಡಿ, ತಂದಳು. ಆ ಓಣಿಯಲ್ಲಿ ಯಾರ ಮನೆಯ ಬಟ್ಟಲನ್ನೂ ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲ. ಪಲ್ಯ ಬಂದರೆ ರೊಟ್ಟಿ ಹೋಗಬೇಕು. ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯಾದರೂ ಬೀಳಬೇಕು. ಖಾಲಿ ಬಟ್ಟಲು ಕಳಿಸುವುದೆಂದರೆ "ನಿಮಗೂ ನಮಗೂ ಮುಗಿಯಿತು" ಎಂದಂತೆ. ಭುವನೇಶ್ವರಿ ಬೆಲ್ಲದ ಡಬ್ಬಿಗೆ ಕೈ ಹಾಕಿದಳು.

"ಬೆಲ್ಲ ಬ್ಯಾಡಬೇ," ಎಂದಳು ಮರೆಮ್ಮ. "ಆ ಟಾನಿಕ್ಕು ಒಂದು ಚಮಚ ಹಾಕು. ಮೊಣಕಾಲು ಜೀವ ತಿನ್ಲಿಕತ್ತದ."

ಹಣಮಂತರಾಯ ಸಿಕ್ಕಿಬಿದ್ದ. ಬಾಟಲಿಯ ಬಾಯಿಗೆ ಬೆಂಡಿನ ಬಿರಡೆ. ಎಳೆದರೆ ಬರಲಿಲ್ಲ, ಹಲ್ಲು ಹಚ್ಚಿದರೆ ಹಲ್ಲೇ ಅಲುಗಾಡಿತು. ಕಡೆಗೆ ಲಟ್ಟಣಿಗೆಯ ತುದಿಯಿಂದ ಒಳಕ್ಕೆ ಒತ್ತಿದಾಗ ಬಿರಡೆ ಒಳಗೆ ಹೋಯಿತು, ಟಾನಿಕ್ಕು ಹೊರಗೆ ಹಾರಿತು. ಬಿಳಿ ಬನಿಯನ್ನಿನ ಎದೆಯ ಮೇಲೆ ಕೆಂಪು ಹರಡಿದ್ದನ್ನು ಕಿಟಕಿಯಿಂದ ಕಂಡ ಒಬ್ಬಳು, "ಏ ಯವ್ವಾ, ಭುವನೇಶ್ವರಕ್ಕ ಕಡೀಕ್ಕೂ ಹೊಡದೇಬಿಟ್ಳು!" ಎಂದು ಕೂಗಿದಳು. ಆಕೆಯ ದನಿಯಲ್ಲಿ ಆಶ್ಚರ್ಯಕ್ಕಿಂತ ಸಮಾಧಾನವೇ ಹೆಚ್ಚಿತ್ತು.

ಮರೆಮ್ಮ ಚಮಚವನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಬಹಳ ಹೊತ್ತು ತೆರೆಯಲಿಲ್ಲ. ಹಣಮಂತರಾಯ ಬಗ್ಗಿ ಆಕೆಯ ಮುಖ ನೋಡಿದ.

"ಹ್ಯಾಂಗದ ಯವ್ವಾ?"

"ನೇರಳೆಹಣ್ಣು ತಿಂದು ಮ್ಯಾಲೆ ತಂಬಾಕ ಹಾಕ್ಕೊಂಡಂಗ ಅದ," ಎಂದಳು. "ಔಷಧ ಖರೆ ಅದ. ನಾಳೆ ಮತ್ತ ಬರ್ತೀನಿ."

ಮಾರನೆಯ ದಿನ ಮರೆಮ್ಮ ಕೋಲಿಲ್ಲದೆ ಬಜಾರಿಗೆ ಹೋಗಿ ಬಂದಳು. ಅದರ ಮರುದಿನ ಹಣಮಂತರಾಯ ಬಾಗಿಲು ತೆಗೆದರೆ ಹೊಸ್ತಿಲಿನಿಂದ ನಳದವರೆಗೆ ಬಟ್ಟಲುಗಳ ಸಾಲು. ಒಂದರಲ್ಲಿ ಪುಂಡಿಪಲ್ಯ, ಒಂದರಲ್ಲಿ ಸಜ್ಜಿರೊಟ್ಟಿ, ಒಂದರಲ್ಲಿ ಮಾದಲಿ. ಯಾವುದನ್ನೂ ಖಾಲಿ ಕಳಿಸುವಂತಿಲ್ಲ, ಎಲ್ಲರಿಗೂ ಬೇಕಾದದ್ದು ಒಂದೇ. ಭುವನೇಶ್ವರಿ ವಾರಗಟ್ಟಲೆ ಒಲೆ ಹೊತ್ತಿಸಲಿಲ್ಲ.

ಮೊದಮೊದಲು ಅಂಜುತ್ತ ಕೊಡುತ್ತಿದ್ದ ಹಣಮಂತರಾಯನಿಗೆ ಕ್ರಮೇಣ ಕೈ ಪಳಗಿತು. "ಪೂರ್ವಕ್ಕ ಮುಖ ಮಾಡಿ ತಗೋರಿ", "ಅವತ್ತು ಬದನಿಕಾಯಿ ತಿನ್ನಬ್ಯಾಡ್ರಿ" ಎಂದು ಪಥ್ಯವನ್ನೂ ಹೇಳತೊಡಗಿದ. ಸುಳ್ಳಿಗೆ ಪಥ್ಯ ಸೇರಿದರೆ ಅದು ವೈದ್ಯವಾಗುತ್ತದೆ. ದಿನ ಹೋದಂತೆ ಟಾನಿಕ್ಕು ಹುಳಿಯಾಗುತ್ತ ಬಂತು. ಯಾರೋ ಮುಖ ಕಿವುಚಿದಾಗ, "ಔಷಧ ಈಗ ಪಕ್ವ ಆಗ್ಲಿಕತ್ತದ" ಎಂದು ಗಂಭೀರವಾಗಿ ಹೇಳಿದ. ತಾನು ಮಾತ್ರ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸಲಿಲ್ಲ. ಮಗಳ ಕಾಗದ ಹಪ್ಪಳದ ಡಬ್ಬಿಯ ಕೆಳಗಿತ್ತು. ಪ್ರತಿ ರಾತ್ರಿ ಭುವನೇಶ್ವರಿ, "ಬರದ್ರೇನು?" ಎನ್ನುವಳು. ಉತ್ತರ ಓದುಗರಿಗೆ ಗೊತ್ತಿದೆ.

ಸುದ್ದಿ ಚಿತ್ತಾಪುರಕ್ಕೂ ಹೋಯಿತು. ಅಲ್ಲಿಂದ ಭುವನೇಶ್ವರಿಯ ತಮ್ಮ ಅಮೃತಪ್ಪ ಮೋಟಾರ್ ಸೈಕಲ್ಲಿನ ಹಿಂದೆ ಒಂದು ಗೋಣಿಚೀಲ ಖಾಲಿ ಬಾಟಲಿ ಕಟ್ಟಿಕೊಂಡು ಬಂದ.

"ಮಾವಾ, ಚಿತ್ತಾಪುರ, ವಾಡಿ, ನಾಲವಾರ, ಮೂರೂ ನನಗ ಬಿಡ್ರಿ. ಶಹಾಬಾದ ಬೇಕಾದ್ರ ನೀವೇ ಇಟ್ಕೋರಿ," ಎಂದು, ರಾಜ್ಯ ಹಂಚಿಕೊಳ್ಳುವ ಅರಸನಂತೆ ಹೊರಸಿನ ಮೇಲೆ ಕುಳಿತ. ಅರ್ಧ ಬಿಗಿದ ಹೊರಸು ಅರಸನನ್ನು ನೆಲಕ್ಕಿಳಿಸಿತು. ಅಲ್ಲಿಂದಲೇ ಮುಂದುವರಿಸಿದ: "ಹೆಸರೂ ಇಟ್ಟೀನಿ. ದಿಂಡೋರಿ ಟಾನಿಕ್ಕು! ವಾಡಿ ಟೇಸನ್ನಿನಾಗ ನಾಲ್ಕು ಮಂದಿಗೆ ಹೇಳಿ ಬಂದೀನಿ. ನಾಳಿ ಮಾಲು ಬರ್ತದ ಅಂದೀನಿ."

"ನೋಡಮು," ಎಂದ ಹಣಮಂತರಾಯ.

"ಒಪ್ಪಿದ್ರು!" ಎಂದ ಅಮೃತಪ್ಪ.

ಇಷ್ಟು ದಿನ ಖುರ್ಷಿದಬೇಗಂ ಊರಲ್ಲಿರಲಿಲ್ಲ. ವಾಡಿಯಲ್ಲಿ ಮಗಳ ಬಾಣಂತನಕ್ಕೆ ಹೋಗಿದ್ದಳು. ತಾಹಿರ್‌ನ ತಾಯಿ, ಹಣಮಂತರಾಯನಿಗಿಂತ ಹಿರಿಯಳು. ಭಾಗ್ಯ ಬೆಳೆದದ್ದು ಅರ್ಧ ಆಕೆಯ ಮಡಿಲಲ್ಲಿ. ಬಂದ ದಿನವೇ ಟಾನಿಕ್ಕಿನ ಸುದ್ದಿ ಕೇಳಿ, ಒಂದು ಬಟ್ಟಲು ಬಿಸಿ ಶೀರಾ ಹಿಡಿದು ಬಂದಳು.

"ನಮ್ಮ ಹುಡುಗಿ ಮಾಡಿದ ದವಾ, ಎಲ್ಲಾರೂ ತಗೊಂಡು ಜವಾನ್ ಆಗ್ಯಾರ. ನನಗೂ ಒಂದು ಚಮಚ ಹಾಕು ಭೈಯಾ. ಸೊಂಟ ಬಿದ್ದು ಹೋಗ್ಯಾದ."

ಶೀರಾ ಒಳಗೆ ಹೋಯಿತು, ಬಟ್ಟಲು ತೊಳೆದು ಹೊರಗೆ ಬಂತು. ಹಣಮಂತರಾಯ ಬಾಟಲಿ ಎತ್ತಿದ, ಚಮಚ ಹಿಡಿದ. ಆ ತಾಯಿ ಜನ್ಮದಲ್ಲಿ ಮುಟ್ಟದ ಪದಾರ್ಥ. ಕಾಟಾದ ಮೇಲೆ ಒಂದು ದಿನವೂ ಸುಳ್ಳು ತೂಕ ಬರೆಯದ ಕೈ, ಚಮಚದ ಹತ್ತಿರ ಬಂದು ನಿಂತುಬಿಟ್ಟಿತು.

"ಮುಗಿದದ ಆಪಾ," ಎಂದ.

ಬಾಟಲಿಯ ತಳದಲ್ಲಿ ನಾಲ್ಕು ಬೆರಳು ಕೆಂಪು ತುಳುಕುತ್ತಿತ್ತು. ಖುರ್ಷಿದಬೇಗಂ ಅದನ್ನು ನೋಡಿದಳು. ಗಾಬರಿಯಲ್ಲಿ ಹಣಮಂತರಾಯ ಆಕೆಯ ಬಟ್ಟಲನ್ನು ಹಾಗೆಯೇ ಆಕೆಯ ಕೈಯಲ್ಲಿಟ್ಟ. ಆಕೆ ಬಟ್ಟಲೊಳಗೆ ಇಣುಕಿದಳು. ಬೋರಲು ಮಾಡಿ ಒಮ್ಮೆ ಅಲುಗಿಸಿದಳು. ಏನೂ ಬೀಳಲಿಲ್ಲ. ಅದನ್ನು ಸೆರಗಿನಡಿ ಹಿಡಿದು ಹೊರಟುಹೋದಳು.

ಮರುದಿನ ಬೆಳಿಗ್ಗೆ ತಾಹಿರ್ ಲಾರಿಯ ಬದಿಯಲ್ಲಿ ನಿಂತಿದ್ದ. ಕಲ್ಲು ತುಂಬಿಯಾಗಿತ್ತು, ನಾಸಿಕಕ್ಕೆ ಹೊರಡುವವನು. "ಕಾಕಾ" ಎನ್ನಲಿಲ್ಲ.

"ಹಣಮಂತರಾಯ ಸಾಹೇಬ್ರ, ನಿಮ್ಮ ಸಾಮಾನ ನನ್ನ ಲಾರಿದಾಗ ಇನ್ಮ್ಯಾಲೆ ಬರಂಗಿಲ್ಲ. ಊರಿಗೆಲ್ಲ ಹಂಚೀರಿ, ನಮ್ಮ ಅಮ್ಮಿಗಿ ಮಾತ್ರ ಖಾಲಿ ಬಟ್ಟಲಾ. ನಾಸಿಕದಿಂದ ಇಲ್ಲಿತನಕ ಹೊತ್ತು ತಂದವ ನಾನು!"

ಓಣಿ ಕೂಡಲು ಎಷ್ಟು ಹೊತ್ತು! ಮರೆಮ್ಮ ಕೋಲು ಎತ್ತಿಕೊಂಡೇ ಬಂದಳು. ಮೊಣಕಾಲಿಗೆ ಬೇಡವಾಗಿದ್ದ ಕೋಲು ಈಗ ಬೇರೆ ಕೆಲಸಕ್ಕೆ ಬಂದಿತ್ತು.

"ಖುರ್ಷಿದನ ಬಟ್ಟಲಾ ಖಾಲಿ ಕಳ್ಸಿದೇನೋ? ನಿನ್ನ ಮಗಳು ಆಕಿ ಕೈಯಾನ ತುತ್ತು ತಿಂದು ಬೆಳದಾಳ!"

"ಕೇಳ್ರಿ ಇಲ್ಲಿ," ಎಂದ ಹಣಮಂತರಾಯ. ಯಾರೂ ಕೇಳಲಿಲ್ಲ. ಕೊನೆಗೆ ಹೊರಸಿನ ಮೇಲೆ ಹತ್ತಿ ನಿಂತ. ಅದು ಕುಸಿದು, ನಿಂತದ್ದಕ್ಕಿಂತ ಗಿಡ್ಡನಾದ. ಅಲ್ಲಿಂದಲೇ ಕೂಗಿದ: "ಅದು ಔಷಧ ಅಲ್ಲ! ವೈನು! ದ್ರಾಕ್ಷಿ ಸೆರಿ!"

ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು.

"ಏಜೆನ್ಸಿ ತಪ್ಪಿಸ್ಲಿಕ್ಕೆ ಹ್ಯಾಂಗ ಮಾತಾಡ್ತಾರ ನೋಡ್ರಿ ನಮ್ಮ ಮಾವ!" ಎಂದ, ಮಾಲಿಗಾಗಿ ಅಲ್ಲೇ ಉಳಿದಿದ್ದ ಅಮೃತಪ್ಪ.

"ನಮ್ಮ ಅತ್ತಿ ದಿನಾ ತಗೊಂಡಾಳ. ನಮ್ಮ ಅತ್ತಿ ಸೆರಿ ಕುಡಿಯಾಕೇನು?" ಎಂದು ನಳದ ಹತ್ತಿರದ ಒಬ್ಬಳು ಜಗಳಕ್ಕೇ ಬಂದಳು.

ಎರಡು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ಸಾಕ್ಷಿ ಕೇಳಿರಲಿಲ್ಲ. ಒಂದು ಖರೆ ಹೇಳಿದ್ದೇ ತಡ, ಊರಿಗೆಲ್ಲ ಪುರಾವೆ ಬೇಕಾಯಿತು.

ಪುರಾವೆ ಜೀಪಿನಲ್ಲಿ ಬಂತು. ಅಮೃತಪ್ಪ ವಾಡಿ ಟೇಸನ್ನಿನಲ್ಲಿ ಹೇಳಿದ ನಾಲ್ವರಲ್ಲಿ ಒಬ್ಬರು ಅಬಕಾರಿಯ ಇನ್ಸ್‌ಪೆಕ್ಟರ್ ದಿಲೀಪ ಅವರ ಮಾವ. ದಿಲೀಪ ಇಳಿದು, ಬಾಟಲಿ ತರಿಸಿ, ಚೀಟಿ ಓದಿ, ಅದರ ಬಾಯಿಗೆ ಮೂಗು ಹಿಡಿದರು.

"ಔಷಧ ಅಂತ ಇಟ್ಕೋರಿ ಬೇಕಾದ್ರ," ಎಂದರು. "ಆದ್ರ ಇದು ಆರೋಗ್ಯ ಇಲಾಖೆದಲ್ಲ. ನಮ್ಮ ಇಲಾಖೆದು."

ಎಲ್ಲರೂ ಮೊದಲ ರೋಗಿಯಾದ ಮರೆಮ್ಮನ ಕಡೆ ತಿರುಗಿದರು.

"ನನ್ನ ಕಡೆ ಯಾಕ ನೋಡ್ತೀರಿ? ನನಗ ಮೊದಲ್ನೇ ಚಮಚಕ್ಕೇ ಗೊತ್ತಿತ್ತು. ನನ್ನ ತವರು ಚಿಂಚೋಳಿ ಕಡೆ, ಸೇಂದಿ ಇಳಿಸೋ ಶಿಂದಿ ಗಿಡದ ನೆಳ್ಳಾಗ ಬೆಳದಾಕಿ ನಾನು."

"ಮತ್ತ ಹೇಳಬಾರದಾ ಯವ್ವಾ?"

"ಹೇಳಿದ್ರ ಎರಡ್ನೇ ಚಮಚ ಸಿಗತಿತ್ತೇನು?"

ಆಗ ಗುಂಪು ಸರಿದು ದಾರಿ ಬಿಟ್ಟಿತು. ಖುರ್ಷಿದಬೇಗಂ ಖಾಲಿ ಬಟ್ಟಲು ಹಿಡಿದೇ ಬಂದಿದ್ದಳು.

"ಅದಕ್ಕೇನು ನನ್ನ ಬಟ್ಟಲಾ ಹಂಗ ಕಳ್ಸಿದ್ದು?"

"ಹೌದ್ರಿ ಆಪಾ. ಎಲ್ಲಾರಿಗೂ ಸುಳ್ಳು ಹೇಳಿದೆ. ನಿಮಗ ಹಾಕಲಿಕ್ಕೆ ಕೈ ಬರಲಿಲ್ಲ."

ಹಣಮಂತರಾಯ ಜೀವಮಾನದಲ್ಲಿ "ನೋಡಮು" ಎನ್ನದೆ, ಸುಳ್ಳನ್ನೂ ಹೇಳದೆ ಕೊಟ್ಟ ಮೊದಲ ಉತ್ತರ ಅದು. ಖುರ್ಷಿದಬೇಗಂ ಬಾಟಲಿಯಿಂದ ಮಾರು ದೂರ ನಿಂತೇ ಗಾಳಿ ಎಳೆದುಕೊಂಡಳು. ಹುಬ್ಬು ಮೇಲಕ್ಕೆ ಹೋಯಿತು.

"ದಿಲೀಪ ಸಾಬ್, ನಿಮಗ ನೆಗಡಿ ಆಗ್ಯಾದೇನು? ಇದು ಹುಳಿ ಬಂದು ಸಿರ್ಕಾ ಆಗಿ ಭಾಳ ದಿನ ಆಯ್ತು. ನನ್ನ ಉಪ್ಪಿನಕಾಯಿ ಬರಣಿದಾಗೂ ಇದೇ ವಾಸನಿ!"

ದಿಲೀಪ ಮತ್ತೊಮ್ಮೆ ಮೂಸಿದರು. ಇಲಾಖೆಯ ಮರ್ಯಾದೆ ಉಳಿಸಬೇಕಿತ್ತು. "ಮೊದಲು ನಮ್ಮದೇ ಇತ್ತು ಅಮ್ಮಾ. ಈಗ ನಿಮ್ಮ ಉಪ್ಪಿನಕಾಯಿ ಇಲಾಖೆಗೆ ವರ್ಗ ಆಗ್ಯಾದ." ಹಣಮಂತರಾಯನ ಕಡೆ ತಿರುಗಿ, "ಮಗಳು ಕೊಟ್ಟದ್ದು ಮನಿದಾಗ ಇಟ್ಕೊಂಡ್ರ ನಾ ಏನೂ ಅನ್ನಂಗಿಲ್ಲ. ಔಷಧ ಅಂತ ಮತ್ತೊಂದು ಚಮಚ ಹಂಚಿದ್ರ ಮಾತ್ರ ನಾನೇ ಬರ್ತೀನಿ," ಎಂದು ಜೀಪು ಹತ್ತಿದರು. ಕಳೆದ ವಾರವೆಲ್ಲ ಸಿರ್ಕಾ ಕುಡಿದು ಸೊಂಟ ನೆಟ್ಟಗಾದವರು ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡರು. ಅಮೃತಪ್ಪ ಗೋಣಿಚೀಲವನ್ನು ಸದ್ದಾಗದಂತೆ ಕಟ್ಟತೊಡಗಿದ. ಖಾಲಿ ಬಾಟಲಿಗಳು ಸದ್ದು ಮಾಡಿಯೇ ಮಾಡಿದವು.

"ಹುಡುಗಿಗಿ ಏನಂತ ಬರದಿ?" ಎಂದು ಕೇಳಿದಳು ಖುರ್ಷಿದಬೇಗಂ.

ಹಣಮಂತರಾಯ ಹಗ್ಗ ನೋಡಿದ. ಬಾಗಿಲಿಂದ ಭುವನೇಶ್ವರಿ ಹೇಳಿದಳು: "ಏನೂ ಬರದಿಲ್ಲ ಆಪಾ. ಕಾಯಂ ಮಾಡ್ತಾರಂತ, ಇರಲೋ ಬರಲೋ ಅಂತ ಕೇಳ್ಯಾಳ. ಮಹಾನವಮಿ ಬಂತು, ಇವರು ಇನ್ನಾ ನೋಡಮು ಅಂತಾರ. ಮಂದಿ ಏನಂತಾರ ಅಂತ ಅಂಜಿಕಿ."

"ಮಂದಿ ಇಲ್ಲೇ ಅದೀವಲ್ಲ," ಎಂದಳು ಮರೆಮ್ಮ. "ಎರಡು ಚಮಚ ಹೆಚ್ಚಿಗಿ ಕಳಸು ಅಂತೀವಿ."

ಖುರ್ಷಿದಬೇಗಂ ನಗಲಿಲ್ಲ. "ಭೈಯಾ, ನನಗ ಖಾಲಿ ಬಟ್ಟಲಾ ಕಳ್ಸಿದ್ದು ಮಾಫ್. ಸಣ್ಣ ಬಟ್ಟಲಾ ಅದು. ಆ ಹುಡುಗಿ ತನ್ನ ದುಡಿಮಿ ಪೂರಾ ಬಾಟ್ಲಿದಾಗ ತುಂಬಿ ಕಳ್ಸ್ಯಾಳ. ಆಕಿಗಿ ಇಷ್ಟು ದಿನ ಖಾಲಿ ಇಟ್ಟೀದಿ. ಅದಕ್ಕ ಮಾಫ್ ಇಲ್ಲ."

ಹಣಮಂತರಾಯ ಹೊರಸಿನ ಮೇಲೆ ಕುಳಿತ. ಹೊರಸು ಮೊಣಕಾಲನ್ನು ಗದ್ದಕ್ಕೆ ತಂದಿಟ್ಟಿತು. ಬರೆಯಲು ಅದೇ ಮೇಜಾಯಿತು. ಓಣಿಯೆಲ್ಲ ಬಗ್ಗಿ ನೋಡುತ್ತಿರುವಾಗ ಬರೆದ:

"ಭಾಗ್ಯಾ, ಆಗಲಿ. ಗುಡ್ಡದ ತೋಟ ನೀನೇ ನೋಡ್ಕೋ. ನೀ ವೈನಿನ ದ್ರಾಕ್ಷಿ ಬೆಳೀತಿ ಅಂತ ಇಲ್ಲಿ ಎಲ್ಲಾರಿಗೂ ಹೇಳೀನಿ. ಮೊದಲು ಯಾರೂ ನಂಬಲಿಲ್ಲ, ಈಗ ನಂಬ್ಯಾರ. ನೀ ಕಳ್ಸಿದ್ದು ಹ್ಯಾಂಗಿತ್ತು ಅಂತ ಓಣಿಗೆಲ್ಲ ಗೊತ್ತು, ನನಗೊಬ್ಬಗ ಗೊತ್ತಿಲ್ಲ. ಹಣ್ಣು ಕೊಯ್ಯೋ ಮುಂದ ನಾನೂ ನಿಮ್ಮವ್ವನೂ ಬರ್ತೀವಿ. ನಿನ್ನ ಸಾಲು ತೋರಸು."

ಭುವನೇಶ್ವರಿ ಸಿರ್ಕಾವನ್ನು ಹೆಚ್ಚಿದ ಉಳ್ಳಾಗಡ್ಡಿಗೆ ಸುರಿದು, ಬಾಟಲಿ ತೊಳೆದು, ಭಾಗ್ಯಳಿಗೆಂದು ಗಾಣದ ಕುಸುಬಿ ಎಣ್ಣೆ ಕಂಠಮಟ ತುಂಬಿ, ಬಾಯಿಗೆ ಬಟ್ಟೆ ಬಿಗಿದಳು. ಖುರ್ಷಿದಬೇಗಂಳ ಬಟ್ಟಲಿಗೆ ಶೇಂಗಾ ಹೋಳಿಗೆ ಬಿತ್ತು. ತಾಹಿರ್ ತಾಯಿಯ ಮುಖ ನೋಡಿ, ಬಾಟಲಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತಿ, "ಬರ್ತೀನಿ ಕಾಕಾ" ಎಂದು ಲಾರಿ ಬಿಟ್ಟ. ಓಣಿಯೆಲ್ಲ ಕೈ ಬೀಸಿತು. ಹಣಮಂತರಾಯನೂ ಬೀಸಿದ. ಬೀಸುವ ಕೈಯಲ್ಲಿ ಕಾಗದವಿತ್ತು.

"ಕಾಗದ!" ಎಂದು ಚೀರಿದಳು ಭುವನೇಶ್ವರಿ.

ಅಮೃತಪ್ಪನ ಮೋಟಾರ್ ಸೈಕಲ್ಲು ಓಣಿಯ ಕೋಳಿಗಳನ್ನೆಲ್ಲ ಎಬ್ಬಿಸಿಕೊಂಡು ಹಾರಿತು. ಹಿಂದೆ ಹಣಮಂತರಾಯ, ಅವನ ಹಿಂದೆ ಗೋಣಿಚೀಲದ ಗಲಗಲ. "ಎಲ್ಲಿ ಹಿಡೀಲಿ ಮಾವಾ?" ಎಂದು ಅಮೃತಪ್ಪ ಕೂಗಿದರೆ, "ಎಲ್ಲಿ ಹೋಗ್ತಾನ ಅಂವ! ಕಲ್ಲಿನ ಲಾರಿ ಕಾಟಾ ದಾಟಿ ಹೋದದ್ದು ನಾ ಕಂಡಿಲ್ಲ!" ಎಂದು ಗಟ್ಟಿಯಾಗಿ ಹೇಳಿದ.

ಲಾರಿ ಕಾಟಾದ ಮೇಲೆಯೇ ನಿಂತಿತ್ತು. ಕಿಟಕಿಯಲ್ಲಿ, ತಾನು ಜೀವಮಾನವೆಲ್ಲ ಕುಳಿತ ಕುರ್ಚಿಯಲ್ಲಿ, ಈಗ ಮಲ್ಲು ಕುಳಿತಿದ್ದ. ಹಣಮಂತರಾಯ ಓಡಿ ಹೋಗಿ ಕಾಗದವನ್ನು ತಾಹಿರ್‌ನ ಕೈಗೆ ಕೊಟ್ಟ. ತಾಹಿರ್ ಅದನ್ನು ಮಡಚಿ ಎದೆಯ ಕಿಸೆಯಲ್ಲಿಟ್ಟು ಗುಂಡಿ ಹಾಕಿದ.

"ಮಲ್ಲು, ತೂಕ ಮತ್ತೊಮ್ಮಿ ನೋಡು!" ಎಂದು ಕೂಗಿದ ಹಣಮಂತರಾಯ.

ಮಲ್ಲು ನೋಡಿದ. "ಅಷ್ಟೇ ಅದ ಕಾಕಾ. ಒಂದು ಕಿಲೋನೂ ಏರಿಲ್ಲ."

ಹಣಮಂತರಾಯ ಬನಿಯನ್ನಿನ ಕೆಂಪು ಕಲೆಯ ಮೇಲೆ ಕೈ ಆಡಿಸಿದ. ಲಾರಿ ಕಾಟಾ ಇಳಿದು ರಸ್ತೆ ಹಿಡಿಯಿತು.

"ಹಂಗಾದ್ರ ನಿನ್ನ ಕಾಟಾ ಕೆಟ್ಟದ," ಎಂದ. "ಲಗೂನ ರಿಪೇರಿ ಮಾಡ್ಸು."